ಎರಡೆರಡು ಬೈಟು

ಆ ಮಾಲೀಕರ ಮೇಲಿನ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ. ತೊಂಬತ್ತರ ದಶಕ ಮುಗಿಯುತ್ತಿತ್ತೋ, ಮುಗಿದಿತ್ತೋ. ಇಸವಿಯ ಬಗ್ಗೆ ಆಣೆ ಮಾಡಲಾರೆ. ಸಿದ್ಧಾರ್ಥನಗರದ ಒಂದು ಮನೆಯ ಮಹಡಿಯಲ್ಲಿ ನಮ್ಮ ಪುಟ್ಟ ಕಂಪನಿ. ಕಾರ್ಖಾನೆಯ ಕುಲುಮೆಗಳ ಶಾಖ ಅಳೆಯಲು ಕಂಪ್ಯೂಟರಿಗೆ ಸಿಕ್ಕಿಸುವ ಕಾರ್ಡು ತಯಾರಿಸುತ್ತಿದ್ದೆವು. ಕಾರ್ಡಿನಿಂದ ಅಂಕಿಗಳನ್ನು ಕಂಪ್ಯೂಟರಿನೊಳಕ್ಕೆ ತರುವ ಡ್ರೈವರ್ ಎಂಬ ಪ್ರೋಗ್ರಾಂ ಬರೆದವಳು ನನ್ನ ಪಕ್ಕದ ಮೇಜಿನ ಎಂಜಿನಿಯರ್. ಕೆಲಸ ಕಾಯಂ ಆಗುವುದನ್ನೇ ಕಾಯುತ್ತಿದ್ದಳು.

ಆ ಕಾರ್ಡು ಒಂದು ಸಲಕ್ಕೆ ಎರಡು ಬೈಟಿನಷ್ಟು ಮಾಹಿತಿ ಮಾತ್ರ ಕೊಡಬಲ್ಲದು. ಅವಳು ಎರಡೆರಡಾಗಿಯೇ ನಕಲು ಮಾಡುವಂತೆ ಬರೆದಿದ್ದಳು. ಕಂಪ್ಯೂಟರಿನ ಸ್ವಂತ ಮೆಮೊರಿಗೆಂದು ಇರುವ ಮಾಮೂಲಿ ವಿಧಾನ ಇನ್ನೊಂದು. ಅದು ಸಿಕ್ಕಷ್ಟನ್ನು ಒಟ್ಟಿಗೆ ಬಾಚಿಕೊಳ್ಳುತ್ತದೆ. ಮಾಲೀಕರ ಪರೀಕ್ಷೆ ಯಾವಾಗಲೂ ಒಂದೇ: ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು, ಎರಡನ್ನೂ ಓಡಿಸಿ, ಮೊದಲು ಮುಗಿದದ್ದನ್ನು ಗೆಲ್ಲಿಸುವುದು.

"ನಿಂದು ಎತ್ತಿನಗಾಡಿ ಕಣಮ್ಮ. ಮಾಮೂಲಿದೇ ಹಾಕ್ಬುಡು."

"ಸಾರ್, ಅದು ಈ ಕಾರ್ಡಿಗೆ ಆಗಲ್ಲ."

"ಆಗ್ತಿದ್ಯಲ್ಲ, ಕಣ್ಣು ಕಾಣ್ಸಲ್ವಾ?"

ಆಗುತ್ತಿತ್ತು, ನಿಜ. ಆಫೀಸಿನ ಹಳೆ ಕಂಪ್ಯೂಟರ್ ಎಷ್ಟು ದೊಡ್ಡ ತುಂಡು ಕೇಳಿದರೂ ತಾನೇ ಎರಡೆರಡಾಗಿ ಒಡೆದು ತರುತ್ತಿತ್ತು. ಮಾಲೀಕರು ಹೇಳಿದ್ದನ್ನೇ ಹಾಕಿ ಒಬ್ಬ ಗಿರಾಕಿಗೆ ಕಳಿಸಿದೆವು. ಆತನ ಹೊಸ ಕಂಪ್ಯೂಟರ್ ಹಾಗೆ ಒಡೆಯಲಿಲ್ಲ. ಕುಲುಮೆ ಕೆಂಪಗೆ ಉರಿಯುತ್ತಿದ್ದರೂ ಪರದೆ ಸೊನ್ನೆ ತೋರಿಸಿತು. ಆತ ಕಂಪ್ಯೂಟರನ್ನೇ ಹೊತ್ತು ತಂದು ನಮ್ಮ ಮೇಜಿನ ಮೇಲೆ ಕುಕ್ಕಿದ.

"ಇವ್ಳೇ ಕಣ್ರೀ ಬರ್ದಿದ್ದು" ಎಂದರು ಮಾಲೀಕರು, ಅವಳ ಕಡೆ ತಿರುಗಿಯೂ ನೋಡದೆ.

ನನಗೆ ಮೈ ಉರಿಯಿತು. "ಮಾಮೂಲಿದು ಹಾಕು ಅಂದಿದ್ದು ನೀವೇ ಸಾರ್."

"ಯಾವತ್ತು ಅಂದೆ? ಹೇಳ್ರೀ, ಸೋಮವಾರವಾ, ಮಂಗಳವಾರವಾ?"

ವಾರ ನೆನಪಾಗಲಿಲ್ಲ. ಎಲ್ಲವನ್ನೂ ಅನುಮಾನಿಸುವುದನ್ನು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು. ನನ್ನ ತಲೆಯನ್ನೂ ನಂಬುವುದಿಲ್ಲ. ಆದರೆ ವಾರ ಗೊತ್ತಿಲ್ಲದಿದ್ದರೆ ಮಾತೂ ಸುಳ್ಳು ಎಂಬ ಅವರ ತರ್ಕವಿತ್ತಲ್ಲ, ಅದು ಶುದ್ಧ ಮೋಸ.

"ಎಮ್ಮೆಸ್ಸಿ ಓದಿರೋರು ನೋಡಿ, ವಾರಾನೇ ಗೊತ್ತಿಲ್ಲ" ಎಂದು ಗಿರಾಕಿಯ ಮುಂದೆ ನಕ್ಕರು.

ಅವಳು ಫ್ಲಾಪಿಯಲ್ಲಿ ಉಳಿದಿದ್ದ ತನ್ನ ಮೊದಲಿನ ಡ್ರೈವರನ್ನು ಆ ಹೊಸ ಕಂಪ್ಯೂಟರಿಗೆ ಹಾಕಿ, ಶಾಖ ಅಳೆಯುವ ತಂತಿಯನ್ನು ಮಾಲೀಕರ ಕಾಫಿ ಲೋಟಕ್ಕೇ ಅದ್ದಿದಳು. ಕಾಫಿಯ ಬಿಸಿ ಪರದೆಯ ಮೇಲೆ ಸರಿಯಾಗಿ ಮೂಡಿತು. ಗಿರಾಕಿಯ ಮುಖ ಸಡಿಲವಾಯಿತು.

"ನೋಡಿದ್ಯಾ, ಎಷ್ಟು ಸಲೀಸು! ಮೊದ್ಲೇ ಇದನ್ನ ಮಾಡಕ್ಕೇನಮ್ಮ ಕಷ್ಟ?" ಎಂದರು ಮಾಲೀಕರು. ನಾಚಿಕೆಯೆಂಬುದು ಆ ಮುಖದಲ್ಲಿ ಸುಳಿಯಲೂ ಇಲ್ಲ. ಗಿರಾಕಿ ಮೆಟ್ಟಿಲಿಳಿದ ಮೇಲೆ ದನಿ ತಗ್ಗಿಸಿದರು: "ಕಾಯಂ ವಿಷ್ಯ ಇನ್ನೊಂದ್ ಸ್ವಲ್ಪ ದಿನ ನೋಡಾಣ. ಎಡವಟ್ಟು ಮಾಡ್ಬುಟ್ಯಲ್ಲ."

"ನೋಡೋದು ಬ್ಯಾಡ ಬುಡಿ ಸಾರ್" ಎಂದಳು. ಟಿಫನ್ ಕ್ಯಾರಿಯರ್ ಎತ್ತಿಕೊಂಡು ಹೊರಟೇಬಿಟ್ಟಳು.

ಅವಳು ಬಾಗಿಲು ಬಡಿದ ಸದ್ದು ನನಗೆ ಈಗಲೂ ಕೇಳಿಸುತ್ತದೆ. ಆ ಬಾಗಿಲಾದರೋ ತಾನಾಗಿಯೇ ಮೆಲ್ಲಗೆ ಮುಚ್ಚಿಕೊಳ್ಳುವಂಥದು. ಬಡಿದಿರಲು ಸಾಧ್ಯವೇ ಇಲ್ಲ. ಸದ್ದು ನಾನೇ ಸೇರಿಸಿಕೊಂಡದ್ದಿರಬೇಕು. ಆದರೆ ನಾನು ಅಲ್ಲಿದ್ದಷ್ಟು ಕಾಲವೂ ಮಾರಾಟವಾದ ಪ್ರತಿ ಕಾರ್ಡಿನ ಜೊತೆಗೆ ಹೋದದ್ದು ಅವಳ ಡ್ರೈವರೇ. ಹೊಸದಾಗಿ ಸೇರಿದವರಿಗೆ ಮಾಲೀಕರು ಅದನ್ನು ತೋರಿಸಿ, ಎರಡೆರಡು ಬೈಟಿನ ಉಪಾಯ ತಮಗೇ ಹೊಳೆದದ್ದು ಎನ್ನುತ್ತಿದ್ದರು.