ಪಾಲಿಗೆ ಕೊಟ್ಟ ಹೇಂಟೆ

ಕಾವಿಗೆ ಕೂತ ಹೇಂಟೆಯ ಎದುರು ಸುಳ್ಳು ಹೇಳುವುದು ಕಷ್ಟ. ಅದು ಕಣ್ಣು ಪಿಳುಕಿಸದೆ ನಮ್ಮನ್ನೇ ನೋಡುತ್ತದೆ. ಕೈ ಹತ್ತಿರ ತಂದರೆ ಗರಿ ಕೆದರಿ ಒಂದು ಕುಟುಕು ಕೊಡುತ್ತದೆ. ಎಪ್ಪತ್ತನಾಲ್ಕರ ನನ್ನನ್ನು ಗದರಿಸುವ ಜೀವ ಈ ಮನೆಯಲ್ಲಿ ಈಗ ಅದೊಂದೇ. ಆದ್ದರಿಂದ ಕುಟುಕಿಸಿಕೊಳ್ಳಲೆಂದೇ ದಿನಕ್ಕೆರಡು ಸಲ ಕೈ ಹತ್ತಿರ ತರುತ್ತೇನೆ.

ಕೋಳಿಗಳು ನನ್ನವಲ್ಲ, ನನ್ನ ಹೆಂಡತಿ ಕಮಲಳವು. ಅವಳು ತೀರಿಕೊಂಡು ಎರಡು ವರ್ಷವಾಯಿತು. ನಮಗೆ ಮಕ್ಕಳಿಲ್ಲ. ಹಾಗಾಗಿ ನಾಲ್ಕು ಹೇಂಟೆ, ಒಂದು ಹುಂಜ ಮತ್ತು ನಾನು ಒಬ್ಬರನ್ನೊಬ್ಬರು ಸಹಿಸಿಕೊಂಡು ಇದ್ದೇವೆ.

ನಮ್ಮೂರು ಮರ್ಕಂಜದ ಚಳಿಯನ್ನು ಚಳಿ ಎಂದರೆ ಘಟ್ಟದ ಮೇಲಿನವರು ನಗುತ್ತಾರೆ. ಆದರೂ ಧನು ತಿಂಗಳ ಬೆಳಗಿನಲ್ಲಿ ಗೂಡಿನಿಂದ ಇಳಿಯಲು ನನ್ನ ಕೋಳಿಗಳು ನನ್ನಷ್ಟೇ ಸೋಮಾರಿಗಳು. ಗೂಡಿಗೆ ಗೋಣಿ ಹೊದಿಸುತ್ತೇನೆ, ನುಚ್ಚಿಗೆ ಚಿಟಿಕೆ ಕರಿಮೆಣಸು ಬೆರೆಸುತ್ತೇನೆ. ಇದೆಲ್ಲ ಕಮಲಳ ಶಾಸ್ತ್ರ. ಕಾವಿಗೆ ಇಡುವ ಮೊಟ್ಟೆ ಬೆಸ ಸಂಖ್ಯೆಯಲ್ಲಿರಬೇಕು, ಗುಡುಗಿಗೆ ಕೆಡದ ಹಾಗೆ ಬುಟ್ಟಿಯಲ್ಲಿ ಒಂದು ಕಬ್ಬಿಣದ ತುಂಡು ಇಡಬೇಕು ಎನ್ನುವುದೂ ಅವಳದೇ. 'ಚಳಿಗಾಲದಲ್ಲಿ ಎಲ್ಲಿಯ ಗುಡುಗು?' ಎಂದು ನಾನು ತಮಾಷೆ ಮಾಡುತ್ತಿದ್ದೆ. ಈ ಸಲ ಹನ್ನೊಂದು ಮೊಟ್ಟೆ ಎಣಿಸಿಟ್ಟು, ಹಳೆಯ ಬಾಗಿಲಿನ ಕೊಂಡಿಯನ್ನು ಹುಡುಕಿ ತಂದು ಬುಟ್ಟಿಗೆ ಹಾಕಿದೆ. ತಮಾಷೆ ಮಾಡಲು ಎದುರಿಗೆ ಒಬ್ಬರು ಬೇಕು. ಒಬ್ಬನೇ ಇರುವವನು ಶಾಸ್ತ್ರ ಪಾಲಿಸುತ್ತಾನೆ.

ಇಪ್ಪತ್ತೊಂದು ದಿನ ಕಾಯುವ ಕೆಲಸ ಹೇಂಟೆಯದು. ಜೊತೆಗೆ ಕೂತ ನನಗೆ ಬೇರೆ ಕೆಲಸವಿಲ್ಲದ್ದರಿಂದ ಹಳೆಯದೆಲ್ಲ ನೆನಪಾಯಿತು. ಈ ಹೇಂಟೆಯ ಅಜ್ಜಿಯ ಅಜ್ಜಿ ನಮ್ಮ ಮನೆಗೆ ಬಂದದ್ದು ಪಾಲಿಗೆ. ನಮ್ಮಲ್ಲಿ ಅದೊಂದು ಕ್ರಮ ಉಂಟು: ಒಬ್ಬರು ಹೇಂಟೆ ಕೊಡುತ್ತಾರೆ, ಇನ್ನೊಬ್ಬರು ಸಾಕುತ್ತಾರೆ, ಮರಿಗಳು ದೊಡ್ಡವಾದ ಮೇಲೆ ಅರ್ಧ ಅವರಿಗೆ, ಅರ್ಧ ಇವರಿಗೆ. ಕಾಗದ ಇಲ್ಲ, ಸಾಕ್ಷಿ ಇಲ್ಲ. ಹೇಂಟೆ ಕೊಟ್ಟವರು ಕೆಳಗಿನ ಬ್ಯಾರಿ ಮನೆಯ ಐಸಮ್ಮ. ಮಧ್ಯಾಹ್ನ ಬೇಲಿಯ ಕಂಡಿಯಲ್ಲಿ ನುಸುಳಿ ಬರುತ್ತಿದ್ದರು. ಅವರೂ ಕಮಲಳೂ ನಮ್ಮ ಜಗಲಿಯಲ್ಲಿ ಕೂತು ಬೀಡಿ ಕಟ್ಟುವಾಗ ಬಾಯಿ ಮೊದಲೋ ಕೈ ಮೊದಲೋ ಎಂದು ಹೇಳಲಾಗುತ್ತಿರಲಿಲ್ಲ.

ಆಗ ನನಗೆ ಕೋಳಿ ಅಂಕದ ಹುಚ್ಚು. ಮನುಷ್ಯರಿಗೆ ಇರುವ ಹಾಗೆ ಅಂಕದ ಕೋಳಿಗೂ ಪಂಚಾಂಗ ಉಂಟು. ಯಾವ ದಿನ ಯಾವ ಬಣ್ಣದ ಹುಂಜ ಯಾವುದನ್ನು ಸೋಲಿಸುತ್ತದೆ ಎಂದು ಅದು ಹೇಳುತ್ತದೆ. ಹತ್ತನೆಯ ತರಗತಿಯ ಪಾಠ ಅಷ್ಟು ಶ್ರದ್ಧೆಯಿಂದ ಓದಿದ್ದರೆ ನಾನು ಮುಂದಕ್ಕೂ ಓದುತ್ತಿದ್ದೆನೇನೋ. ಪಾಲಿನ ಮರಿಗಳಲ್ಲಿ ಮೂರು ಚಂದದ ಹುಂಜಗಳಾದವು. ಪಾಲು ಮಾಡುವ ಮೊದಲೇ ಒಂದೊಂದಾಗಿ ಅಂಕಕ್ಕೆ ಒಯ್ದೆ. ಸೋತ ಕೋಳಿ ಗೆದ್ದವನಿಗೆ ಹೋಗುತ್ತದೆ. ಮೂರೂ ಹೋದವು. ಪಂಚಾಂಗದಲ್ಲಿ ತಪ್ಪಿರಲಿಲ್ಲವಂತೆ, ನಾನು ನೋಡಿದ ಪುಟ ತಪ್ಪು.

ಮನೆಗೆ ಬಂದು, "ಮುಂಗುಸಿ ಕೊಂಡುಹೋಯಿತು" ಎಂದೆ. ಕಮಲ ನಂಬಿದಳು. ಐಸಮ್ಮನಿಗೂ ಹಾಗೆಯೇ ಹೇಳಿದಳು. ಆದರೆ ಐಸಮ್ಮನ ತಮ್ಮ ಜಾಲ್ಸೂರಿನ ಬಸ್ಸಿನಲ್ಲಿ ನನ್ನನ್ನು ಕಂಡಿದ್ದ, ಬಗಲಲ್ಲಿ ಕೆಂಪು ಹುಂಜವಿತ್ತು. ನಮ್ಮ ಮುಂಗುಸಿಗಳು ಟಿಕೆಟ್ ತೆಗೆದು ಪ್ರಯಾಣ ಮಾಡುವುದಿಲ್ಲವೆಂದು ಆ ಮನೆಯಲ್ಲಿ ಗೊತ್ತಾಯಿತು. ಐಸಮ್ಮ ಜಗಳಕ್ಕೆ ಬರಲಿಲ್ಲ. ಗಂಡ ಹೆಂಡತಿ ಸೇರಿ ಮೋಸ ಮಾಡಿದರೆಂದು ತಿಳಿದು, ಬರುವುದನ್ನೇ ಬಿಟ್ಟರು. "ಐಸಮ್ಮ ಎಂತ ಬರುದಿಲ್ಲ?" ಎಂದು ಕಮಲ ಕೇಳಿದಾಗಲೆಲ್ಲ, "ಅವರಿಗೆ ಪುರುಸೊತ್ತಿಲ್ಲ" ಎನ್ನುತ್ತಿದ್ದೆ. ಇಪ್ಪತ್ತು ವರ್ಷ ಹಾಗೆಯೇ ಅಂದೆ. ಕಮಲ ಹೋದ ದಿನ ಐಸಮ್ಮ ಅಂಗಳದ ಕೊನೆಯಲ್ಲಿ ನಿಂತು ಹಿಂದೆ ಹೋದರು.

ಹನ್ನೊಂದರಲ್ಲಿ ಎಂಟು ಮರಿಯಾದವು. ಮರುದಿನ ಬೆಳಿಗ್ಗೆ ನಾಲ್ಕನ್ನು ಬುಟ್ಟಿಗೆ ಹಾಕಿ, ಬಟ್ಟೆ ಮುಚ್ಚಿ, ಕೆಳಗಿನ ಮನೆಗೆ ಹೊರಟೆ. ಬೇಲಿಯ ಕಂಡಿ ಮುಚ್ಚಿಹೋಗಿತ್ತು. ರಸ್ತೆ ಸುತ್ತಿ ಹೋದೆ. ನನಗೆ ಬೇಕಾಗಿದ್ದದ್ದು ಒಂದೇ: ಕಮಲ ಕಳ್ಳಿಯಲ್ಲ ಎಂದು ಆ ಮನೆಯಲ್ಲಿ ಗೊತ್ತಾಗಬೇಕು.

ಐಸಮ್ಮ ಜಗಲಿಯಲ್ಲಿ ಬಿಸಿಲು ಕಾಯಿಸುತ್ತಿದ್ದರು. ನಾನು ನಿಂತುಕೊಂಡೇ ಎಲ್ಲ ಹೇಳಿದೆ.

"ಕಮಲಕ್ಕನಿಗೆ ಗೊತ್ತಿತ್ತಾ?"

"ಇಲ್ಲ. ಮುಂಗುಸಿ ಅಂತಲೇ ನಂಬಿದ್ದಳು."

"ನನ್ನನ್ನು ಕೇಳ್ತಿದ್ರಾ?"

"ಕೇಳ್ತಿದ್ದಳು. ನಿಮಗೆ ಪುರುಸೊತ್ತಿಲ್ಲ ಅಂತ ನಾನು ಹೇಳುದು."

"ಪುರುಸೊತ್ತೇ ಇದ್ದದ್ದು ಮಾರಾಯ್ರೆ ನನಗೆ. ಬೇಲಿಯ ಹತ್ತಿರ ಬಂದು ಬಂದು ಹಿಂದೆ ಹೋಗ್ತಿದ್ದೆ."

ಬುಟ್ಟಿಯೊಳಗಿಂದ ಚೀಂಚೀಂ ಕೇಳಿತು. ಐಸಮ್ಮ ಬಟ್ಟೆ ಸರಿಸಿ ನೋಡಿದವರೇ ಎದ್ದು ನಿಂತರು. "ಎಂತ ಸೇಸಪ್ಪಣ್ಣ, ಈ ಚಳಿಗೆ ನಿನ್ನೆಯ ಮರಿಗಳನ್ನು ತಾಯಿ ಬಿಡಿಸಿ ತರುದಾ? ಪಾಲು ಕೊಡ್ಲಿಕ್ಕೆ ಬಂದದ್ದಾ, ಕೊಲ್ಲಿಕ್ಕೆ ಬಂದದ್ದಾ? ಕಮಲಕ್ಕ ಇಷ್ಟು ವರ್ಷ ನಿಮ್ಮನ್ನು ಹೇಗೆ ಸಾಕಿದ್ರು!" ಎಂದು ಮರಿಗಳನ್ನು ಸೆರಗಿನಲ್ಲಿ ಸುತ್ತಿ, ಬಾಯಿಯಿಂದ ಬಿಸಿ ಊದಿ, ಮತ್ತೆ ಬುಟ್ಟಿಗಿಟ್ಟರು. "ಕೊಂಡುಹೋಗಿ, ಈಗಲೇ ತಾಯಿಯ ಅಡಿಗೆ ಬಿಡಿ. ಪಾಲು ಮಾಡುದು ತಾಯಿ ಬಿಟ್ಟ ಮೇಲೆ. ಮೂರು ತಿಂಗಳು ಹೋಗ್ಲಿ. ಯಾವುದು ಬೇಕು ಅಂತ ನಾನೇ ಬಂದು ಆರಿಸ್ತೇನೆ."

ಓಡುವ ಪ್ರಾಯವಲ್ಲ, ಆದರೂ ಓಡಿದ ಹಾಗೆಯೇ ಬಂದೆ. ಹೇಂಟೆ ನನ್ನ ಕೈಗೆ ರಕ್ತ ಬರುವ ಹಾಗೆ ಕುಟುಕಿ, ನಾಲ್ಕನ್ನೂ ಒಳಗೆ ಸೇರಿಸಿಕೊಂಡಿತು.

ಐಸಮ್ಮ ಕ್ಷಮಿಸಿದರೋ ಇಲ್ಲವೋ ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಇಪ್ಪತ್ತೆರಡು ವರ್ಷ ತಡ ಮಾಡಿದವನು ಉತ್ತರಕ್ಕೆ ಅವಸರ ಮಾಡಬಾರದು. ಸುಳ್ಯದ ಡಾಕ್ಟರು ನನಗೆ ಮಾತ್ರೆ ಬರೆದುಕೊಡುವುದು ಒಂದೊಂದೇ ತಿಂಗಳಿಗೆ. ಅದಕ್ಕಿಂತ ಆಚೆಯ ದಿನವೊಂದನ್ನು ನಾನು ಎಣಿಸದೆ ಬಹಳ ಕಾಲವಾಗಿತ್ತು. ಈಗ ಮೀನ ತಿಂಗಳವರೆಗೆ ಎಂಟು ಮರಿಗಳೂ ಇರಬೇಕು, ಅವುಗಳನ್ನು ತೋರಿಸಲು ನಾನೂ ಇರಬೇಕು. ನಾಳೆಯಿಂದ ಬೇಲಿಯ ಕಂಡಿಯ ಮುಳ್ಳು ಸವರಬೇಕು. ಐಸಮ್ಮನಿಗೂ ವಯಸ್ಸಾಯಿತು, ರಸ್ತೆ ಸುತ್ತಿ ಬರುವುದೆಂದರೆ ದೂರ.