ಮನೆಗೊಂದು ಚೀಟಿ

ಚೀಟಿಗಳಿದ್ದ ಬಿಸ್ಕತ್ತಿನ ಡಬ್ಬಿಯನ್ನು ಇನ್ನೊಮ್ಮೆ ಕುಲುಕಿ ಸರ್ವೋತ್ತಮ ರೈಗಳು ಆಸ್ಯಮ್ಮನ ಮುಂದೆ ಹಿಡಿದರು. ಆಕೆ ಕೈ ಹಾಕಲಿಲ್ಲ.

“ನಾನೂ ನಳಿನಾಕ್ಷಿಯೂ ಒಂದೇ ದೋಣಿಯವರು ಸಾರ್. ಹತ್ತಿರ ಹತ್ತಿರ ಮನೆ ಕೊಡಿ.”

“ಹಾಗೆ ಆಗುದಿಲ್ಲಮ್ಮ. ಮನೆಗೊಂದು ಚೀಟಿ. ಎಲ್ಲರಿಗೂ ಒಂದೇ ನ್ಯಾಯ.”

“ಚೀಟಿ ಎಂತ, ದೋಣಿಗೆ ಹುಟ್ಟು ಹಾಕ್ತದಾ ಮಾರಾಯ್ರೆ?” ಹಿಂದೆ ನಿಂತಿದ್ದ ನಳಿನಾಕ್ಷಿ ಕೇಳಿದಳು. ಜನ ನಕ್ಕರು, ರೈಗಳೂ ನಕ್ಕರು. ನಳಿನಾಕ್ಷಿಗೆ ಶಕ್ತಿನಗರ ಬಂತು, ಆಸ್ಯಮ್ಮನಿಗೆ ದೂರದ ಸುರತ್ಕಲ್.

ಅದು ಎಪ್ಪತ್ತನಾಲ್ಕರ ಪ್ರವಾಹದ ಮರುವರ್ಷ. ನೇತ್ರಾವತಿಯ ನಡುಗಡ್ಡೆಯಾದ ಕುದ್ರುವಿನಲ್ಲಿ ಕೊಚ್ಚಿಹೋದ ಮನೆಗಳನ್ನು ಅಲ್ಲಿಯೇ ಮತ್ತೆ ಕಟ್ಟಬೇಕೆಂದು ಗಣ್ಯರೆಲ್ಲ ಒತ್ತಾಯಿಸುತ್ತಿದ್ದಾಗ, ಕೂಡದೆಂದು ಬರೆದ ಅಧಿಕಾರಿ ರೈಗಳೊಬ್ಬರೇ. ಮಂಗಳೂರಿನ ನಗರ ಯೋಜನೆಯಲ್ಲಿ ಅವರ ಹೆಸರನ್ನು ನಿಲ್ಲಿಸಿದ್ದು ಆ ಒಂದು ಮಾತು. ಕೆಲವು ವರ್ಷಗಳ ತರುವಾಯ ನದಿ ಮತ್ತೆ ಕುದ್ರುವಿನ ಮೇಲೆ ಹರಿದಾಗ ಅಲ್ಲಿ ಮುಳುಗಲು ಯಾರೂ ಇರಲಿಲ್ಲ.

ಅಭಿನಂದನೆಗಳ ಗದ್ದಲದಲ್ಲೇ ಅವರು ಶಕ್ತಿನಗರಕ್ಕೆ ಹೋದರು. ನಳಿನಾಕ್ಷಿ ಬೀಡಿ ಕಟ್ಟುತ್ತಿದ್ದಳು. ನದಿಯ ತಳದ ಮರುವಾಯಿ ಚಿಪ್ಪು ಹೆಕ್ಕಲು ಒಬ್ಬಳು ನೀರಿಗಿಳಿದರೆ ಇನ್ನೊಬ್ಬಳು ದೋಣಿ ಹಿಡಿಯಬೇಕು. ಜೊತೆ ತಪ್ಪಿದ ಮೇಲೆ ಇಬ್ಬರೂ ಸೇರಿ ದೋಣಿ ಮಾರಿದ್ದರು.

“ಜೀವ ಉಳಿಸಿದ್ದೀರಿ ಸಾರ್, ಚಾ ಕುಡೀರಿ,” ಎಂದಳು.

ನೀರು ಮನೆಗಳನ್ನು ಒಯ್ದಿತ್ತು, ದೋಣಿಯನ್ನು ಬಿಟ್ಟಿತ್ತು. ದೋಣಿ ಹೋದದ್ದು ತನ್ನ ಡಬ್ಬಿಯಿಂದ ಎಂಬ ನಾಚಿಕೆ ರೈಗಳನ್ನು ಮತ್ತೆ ಬಿಡಲಿಲ್ಲ. ಮುಂದೆ ಕುಲಶೇಖರದಲ್ಲಿ ನೆಲೆ ಪಡೆದವರನ್ನೆಲ್ಲ, ಮೊದಲು ಯಾರ ಪಕ್ಕ ಯಾರಿದ್ದರೆಂದು ಕೇಳಿ ಕೇಳಿಯೇ ಕೂರಿಸಿದರು. ತಮ್ಮ ಗೌರವಕ್ಕೆ ತರುತ್ತಿರುವ ಈ ಅಭಿನಂದನ ಸಂಪುಟದ ವಿಷಯ ತಿಳಿದಾಗಲೂ ಅವರು ಹೇಳಿದ್ದು ಇಷ್ಟೇ: “ಹಾರ ಹಾಕುವುದಾದರೆ ಡಬ್ಬಿಯ ಕತೆಯನ್ನೂ ಸೇರಿಸಿ.” ಹಾಗೆ ಹೇಳಬಲ್ಲ ಹಿರಿಯರು ನೂರು ಕಾಲ ನಮ್ಮ ನಡುವೆ ಇರಲಿ, ನಾಳೆ ಊರು ಕಟ್ಟುವವರ ಕಿವಿ ಹಿಂಡುತ್ತಿರಲಿ.

ನಿವೃತ್ತಿಯ ಹಿಂದಿನ ವಾರ, ನಳಿನಾಕ್ಷಿಯ ಪಕ್ಕದ ಮನೆ ತೆರವಾದದ್ದೇ, ರೈಗಳು ಅದನ್ನು ಮಂಜೂರು ಮಾಡಿಸಿ ಕೀಲಿಕೈಯೊಂದಿಗೆ ಸುರತ್ಕಲ್ಲಿಗೆ ಧಾವಿಸಿದರು. ಜಗಲಿಯಲ್ಲಿ ಪಕ್ಕದ ಮನೆಯ ಉರ್ಸುಲಾಬಾಯಿ ಆಸ್ಯಮ್ಮನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು.

“ನಳಿನಾಕ್ಷಿಯ ಪಕ್ಕದ್ದೇ ಮನೆ, ಆಸ್ಯಮ್ಮ. ತಕ್ಕೊಳ್ಳಿ.”

ಆಸ್ಯಮ್ಮ ಕೀಲಿಕೈ ನೋಡಿದಳು. ಮತ್ತೆ ಉರ್ಸುಲಾಬಾಯಿಯ ಕೈ ನೋಡಿದಳು.

“ಆಗ ಕೇಳಿದೆ, ನೀವು ಕೊಡ್ಲಿಲ್ಲ. ಈಗ ಇವರನ್ನು ಬಿಟ್ಟು ಏಳ್ಬೇಕಾ? ನನಗೆ ಬೇಡ.”