ಹೂಂ ಅನ್ನದೆ ಕೇಳಿದ್ದು

ಆಗ ನನಗೆ ಅರವತ್ತೇಳು. ಈಗ್ಗೆ ಎರಡು ವರ್ಷದ ಹಿಂದಿನ ಮಾತು. ನನ್ನ ಸೊಸೆ ಇಂಗ್ಲಿಷ್ ಕೇಳೋ ಪರೀಕ್ಷೆಗೆ ಎರಡನೇ ಸಲ ತಯಾರಾಗ್ತಿದ್ದಳು. ಅವಳಿಗೆ ಅಭ್ಯಾಸ ಮಾಡಿಸೋ ಕೆಲಸ ನನ್ನ ಪಾಲಿಗೆ ಬಂತು. ನನಗೆ ಇಂಗ್ಲಿಷ್ ಬರೋದಿಲ್ಲ. ಕನ್ನಡ ಓದು ಬರಹವೇ ಮಕ್ಕಳು ದೊಡ್ಡವರಾದ ಮೇಲೆ ಕಲಿತದ್ದು, ಒತ್ತಕ್ಷರ ಇವತ್ತಿಗೂ ತಪ್ಪುತ್ತವೆ.

ನಮ್ಮೂರು ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗೋ ದಾರಿಯಲ್ಲಿದೆ. ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತೇವೆ. ಸೊಸೆ ಗೌರಿಬಿದನೂರು ಕಡೆಯವಳು, ಚಿಂತಾಮಣಿಯ ಒಂದು ಆಸ್ಪತ್ರೆಯಲ್ಲಿ ನರ್ಸು. ಐರ್ಲೆಂಡು ಅನ್ನೋ ದೇಶದಲ್ಲಿ ಒಂದು ಆಸ್ಪತ್ರೆಯವರು ಅವಳಿಗೆ ಕೆಲಸ ಕೊಡ್ತೀವಿ ಅಂದಿದ್ದರು. ಆ ದೇಶದ ಹೆಸರು ನನ್ನ ಬಾಯಿಗೆ ಬರೋದಕ್ಕೇ ವಾರ ಹಿಡಿಯಿತು. ಮೊದಲು ಅವಳು ಹೋಗೋದು, ಆಮೇಲೆ ಗಂಡನನ್ನೂ ಮಗಳನ್ನೂ ಕರೆಸಿಕೊಳ್ಳೋದು ಅಂತ ಮಾತಾಗಿತ್ತು. ಅದಕ್ಕೆ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು. ಓದೋದು, ಬರೆಯೋದು, ಮಾತಾಡೋದು, ಕೇಳೋದು, ಹೀಗೆ ನಾಲ್ಕು ಭಾಗ. ಮೂರರಲ್ಲಿ ಪಾಸಾದಳು. ಕೇಳೋದರಲ್ಲಿ ಅರ್ಧ ಅಂಕ ಕಡಿಮೆ ಬಿತ್ತು.

"ಕೇಳೋದಕ್ಕೂ ಪರೀಕ್ಷೆನಾ? ಕಿವಿ ಇದ್ದೋರೆಲ್ಲಾ ಪಾಸಾಗಬೇಕಲ್ಲ" ಅಂದೆ.

"ನೀವೇ ಒಂದ್ಸಲ ಬರೀರಿ ಅತ್ತೆ, ನಾನು ಹುಳಕ್ಕೆ ಸೊಪ್ಪು ಹಾಕ್ತೀನಿ" ಅಂದಳು. ಅತ್ತಿರಲಿಲ್ಲ. ಮುಖ ಮಾತ್ರ ಸಣ್ಣಗಾಗಿತ್ತು.

ಆ ಒಂದು ಭಾಗವನ್ನ ಮಾತ್ರ ಇನ್ನೊಂದು ಸಲ ಬರೆಯಬಹುದಂತೆ. ಆಗಲೂ ಆಗದಿದ್ದರೆ ನಾಲ್ಕನ್ನೂ ಮೊದಲಿಂದ ಬರೆಯಬೇಕು. ಅಷ್ಟು ದಿನ ಆ ಆಸ್ಪತ್ರೆಯವರು ಕಾಯೋದಿಲ್ಲ, ಕೆಲಸ ಬೇರೆಯವರಿಗೆ ಹೋಗುತ್ತೆ. ಇಷ್ಟನ್ನ ಅವಳು ನನಗೆ ಅಕ್ಕಿ ಆರಿಸ್ತಾ ಹೇಳಿದಳು, ಊರಿನ ಯಾವುದೋ ಸುದ್ದಿ ಹೇಳಿದ ಹಾಗೆ.

ಭಾನುವಾರ ಚಿಕ್ಕಬಳ್ಳಾಪುರಕ್ಕೆ ಕೋಚಿಂಗಿಗೆ ಹೋಗುತ್ತಿದ್ದಳು. ಮಿಕ್ಕ ದಿನ ಮನೆಯಲ್ಲೇ, ಡ್ಯೂಟಿ ನೋಡಿಕೊಂಡು. ಪರೀಕ್ಷೆಯಲ್ಲಿ ಟೇಪು ಒಂದೇ ಸಲ ಓಡುತ್ತೆ, ಕೇಳ್ತಾ ಕೇಳ್ತಾನೇ ಉತ್ತರ ಬರೆಯಬೇಕು. ಮನೆಯಲ್ಲಿ ಕೂತರೆ ಇವಳ ಕೈ ಸುಮ್ಮನಿರದು, ಫೋನಿನಲ್ಲಿ ಹಿಂದಕ್ಕೆ ಎಳೆದು ಮತ್ತೆ ಕೇಳುತ್ತಿದ್ದಳು. ಗಂಡನ ಕೈಗೆ ಫೋನು ಕೊಟ್ಟಳು. ಅವನು, ಅಂದರೆ ನನ್ನ ಮಗ, ಟೆಂಪೋ ಓಡಿಸುತ್ತಾನೆ, ಮನಸ್ಸು ಬೆಣ್ಣೆ. ಇವಳು ಒಂದು ಸಲ ಮುಖ ನೋಡಿದರೆ ಸಾಕು, ತಿರುಗಿ ಹಾಕಿಬಿಡುತ್ತಿದ್ದ. ಕೊನೆಗೆ ನನ್ನ ಹತ್ತಿರ ಬಂದಳು.

"ಅತ್ತೆ, ಫೋನು ನಿಮ್ಮ ಹತ್ರ ಇರಲಿ. ಈ ಮೂರು ಮೂಲೆ ಗುರುತು ಒಂದ್ಸಲ ಒತ್ತಬೇಕು. ನಾನು ಕೈ ಮುಗಿದು ಕೇಳಿದ್ರೂ ಎರಡನೇ ಸಲ ಒತ್ತಬೇಡಿ."

"ನನ್ನನ್ನೇ ಯಾಕೆ ಹಿಡಿದೆ?"

"ನಿಮಗೆ ಕನಿಕರ ಬರಲ್ಲ, ಅದಕ್ಕೆ."

ಮಾತು ಸರಿಯಾಗಿತ್ತು. ಒಪ್ಪಿಕೊಂಡೆ.

ಹುಳದ ಮನೆಯಲ್ಲೇ ಕೂರೋಣ ಅಂದಳು. ನಾಲ್ಕನೇ ಜ್ವರ ಬಿಟ್ಟು, ಅಂದರೆ ನಾಲ್ಕನೇ ಸಲ ಪೊರೆ ಕಳಚಿ ಎದ್ದ ಹುಳ ಬಕಾಸುರನ ಹಾಗೆ ತಿನ್ನುತ್ತವೆ. ಸೊಪ್ಪು ಹಾಕಿದರೆ ಶೀಟಿನ ಮೇಲೆ ಜಡಿಮಳೆ ಹಿಡಿದಂಥ ಸದ್ದು. ಪರೀಕ್ಷೆ ಹಾಲಿನಲ್ಲಿ ಪಕ್ಕದವರು ಕೆಮ್ಮಿದರೂ ಗಮನ ತಪ್ಪುತ್ತೆ, ಸದ್ದಿನಲ್ಲೇ ರೂಢಿಯಾದರೆ ಒಳ್ಳೇದು ಅನ್ನೋದು ಅವಳ ಲೆಕ್ಕ. ಸಾಯಂಕಾಲದ ಸೊಪ್ಪು ಹಾಕಿ, ಖಾಲಿ ಮಂಕರಿ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಕೂತಳು. ನಾನು ಒತ್ತಿದೆ. ಒಬ್ಬ ಗಂಡಸು, ಒಬ್ಬಳು ಹೆಂಗಸು ಮೂಗಿನಲ್ಲಿ ಏನೇನೋ ಮಾತಾಡಿಕೊಂಡರು. ಸೊಸೆ ಬರೆದಳು. ಮುಗಿದ ಮೇಲೆ ನಾನು ಕೇಳಿದೆ:

"ಅವರಿಗೆ ಯಾಕೆ ಹೂಂ ಅಂತಿದ್ದೆ? ಅವರೇನು ನಿನ್ನ ಬೀಗರಾ?"

"ನಾನೆಲ್ಲಿ ಅಂದೆ?"

"ಮಾತಿಗೊಂದು ಸಲ ಅಂದೆಯಲ್ಲ. ಹೂಂ, ಹೂಂ ಅಂತ."

ಪೆನ್ನು ಪಕ್ಕಕ್ಕಿಟ್ಟಳು. ಆಮೇಲೆ ಹೇಳಿದಳು. ಹೋದ ಸಲ ಬೆಂಗಳೂರಿನಲ್ಲಿ ಪರೀಕ್ಷೆ ಬರೆಯುವಾಗ ಮೇಲ್ವಿಚಾರಕರು ಎರಡು ಸಲ ಬಂದು ಮೇಜು ತಟ್ಟಿದ್ದರಂತೆ, ಮಾತಾಡಬೇಡಿ ಅಂತ. ನಾನು ತುಟಿಯೇ ಬಿಚ್ಚಿಲ್ಲವಲ್ಲ, ಯಾಕೆ ಬೈತಾರೆ ಅಂತ ಇವಳಿಗೆ ಗಾಬರಿ. ಗಾಬರಿಯಲ್ಲಿ ಮುಂದಿನ ನಾಲ್ಕು ಉತ್ತರ ಹೋಯಿತು. ಕಿವಿಗೆ ಅದೇನೋ ಕಟ್ಟಿಕೊಂಡಿರುತ್ತಾರಲ್ಲ, ತನ್ನ ದನಿ ತನಗೇ ಕೇಳಿಸಿಲ್ಲ.

ಇದು ನಮ್ಮ ಕಡೆಯ ಅಭ್ಯಾಸ. ಒಬ್ಬರು ಮಾತಾಡಿದರೆ ಎದುರಿಗಿರೋರು ಹೂಂಗುಟ್ಟಬೇಕು. ಹೂಂ ಅನ್ನದಿದ್ದರೆ ಕೇಳಲಿಲ್ಲ ಅಂತಲೇ ಅರ್ಥ, ಕತೆ ಹೇಳೋರು ಅಲ್ಲಿಗೇ ನಿಲ್ಲಿಸಿ ಎದ್ದು ಹೋಗುತ್ತಾರೆ. ಇವಳಿಗೆ ಅದು ಒಂದು ಕೈ ಹೆಚ್ಚು. ಆಸ್ಪತ್ರೆಯಲ್ಲಿ ಕೈವಾರದ ಕಡೆ ಮುದುಕಿಯರು ತೆಲುಗಿನಲ್ಲಿ ಸೊಂಟನೋವು ಹೇಳಿದರೂ ಹೂಂ, ಸಾಬರ ಹೆಂಗಸರು ಉರ್ದುವಿನಲ್ಲಿ ಹೇಳಿದರೂ ಹೂಂ. 'ಹೂಂ ಅನ್ನೋ ಸಿಸ್ಟರಮ್ಮ ಇಲ್ವಾ' ಅಂತ ಹುಡುಕಿಕೊಂಡು ಬರುತ್ತಾರಂತೆ. ಆ ಹೂಂ ಈಗ ಕುತ್ತಿಗೆಗೆ ಬಂದಿತ್ತು. ಹೂಂ ಅನ್ನೋ ಹೊತ್ತಿಗೆ ಟೇಪಿನವರು ಮುಂದಿನ ಮಾತಿಗೆ ಹೋಗಿರುತ್ತಿದ್ದರು.

ಬಿಡಿಸೋಕೆ ಏನೇನೋ ಮಾಡಿದಳು. ಸೆರಗು ಕಚ್ಚಿದಳು, ಸೆರಗಿನೊಳಗೇ ಹೂಂ ಅಂದಳು. ಬಾಯಿ ತುಂಬ ನೀರು ಇಟ್ಟುಕೊಂಡಳು. ಹೂಂ ಬಂದಾಗಲೆಲ್ಲ ಗುಟುಕ್ ಅಂತ ನುಂಗಿದಳು, ಟೇಪು ಮುಗಿಯೋ ಹೊತ್ತಿಗೆ ಚೊಂಬು ಖಾಲಿ. ನನಗೆ ನಗು ತಡೆಯಲಿಲ್ಲ. ಅವಳೂ ನಕ್ಕಳು, ನಕ್ಕು ಇನ್ನೊಂದು ಚೊಂಬು ತಂದಳು. ಅದೇ ನೋಡಿ ನನಗೆ ಹಿಡಿಸಿದ್ದು. ನಾನಾಗಿದ್ದರೆ ಫೋನನ್ನ ಎಸೆದು ಎದ್ದು ಹೋಗುತ್ತಿದ್ದೆ.

ಪಕ್ಕದ ಮನೆಯವಳು ಒಂದು ದಿನ ಬಾಗಿಲಲ್ಲಿ ನಿಂತು, "ಏನಕ್ಕಾ, ಸೊಸೆಗೆ ಇಂಗ್ಲಿಷ್ ಪಾಠ ಹೇಳಿಕೊಡ್ತಿದ್ದೀಯಂತೆ" ಅಂದಳು.

"ಹೌದು ಕಣೇ. ನಿನ್ನ ಸೊಸೇನೂ ಕಳಿಸು, ಬಾಯಿ ಮುಚ್ಚಿಸಿ ಕಳಿಸ್ತೀನಿ" ಅಂದೆ. ಅವಳ ಸೊಸೆಯ ಬಾಯಿ ಊರಿಗೇ ಗೊತ್ತು.

ನೀರಿನಿಂದ ಆಗದು ಅಂತ ಗೊತ್ತಾದ ಮೇಲೆ ಸೊಸೆ ಹೇಳಿದಳು: "ಟೇಪು ಬೇಡ ಅತ್ತೆ. ನೀವು ನನ್ನ ಎದುರಿಗೆ ಕೂತು ಏನಾದ್ರೂ ಹೇಳಿ. ನಿಮ್ಮ ಮಾತಿಗೆ ಹೂಂ ಅನ್ನದೆ ಇರೋಕಾದ್ರೆ ಯಾರ ಮಾತಿಗಾದ್ರೂ ಆಗುತ್ತೆ."

ಶುರು ಮಾಡಿದೆ. ನನ್ನ ಮದುವೆ ಆದ ವರ್ಷ ತವರಿನಿಂದ ರಾಗಿ ಮೂಟೆ ಹಾಕಿಕೊಂಡು ಬಸ್ಸಿಗೆ ಬಂದದ್ದು, ಕಂಡಕ್ಟರು ಮೂಟೆ ಇಳಿಸು ಅಂದದ್ದು, ನಾನು ಮೂಟೆಯ ಮೇಲೇ ಕೂತದ್ದು. ಅರ್ಧಕ್ಕೆ ಬರೋ ಹೊತ್ತಿಗೆ ನನಗೆ ಸಿಟ್ಟು ಬಂತು. ಎದುರಿಗೆ ಕಣ್ಣು ಬಿಟ್ಟುಕೊಂಡು ಕೂತಿದ್ದಾಳೆ, ಹೂಂ ಇಲ್ಲ, ಹಾಂ ಇಲ್ಲ. ಗೋಡೆಗೆ ಹೇಳಿದ ಹಾಗೆ. ಅವಳೇ ಹೇಳಿಸಿದ್ದು ಅಂತ ಗೊತ್ತಿದ್ದೂ ತಡೆಯೋಕಾಗಲಿಲ್ಲ.

"ಕೇಳಿಸ್ಕೊಂಡ್ಯಾ ಇಲ್ವಾ?" ಅಂದೆ.

ಅವಳು ಶುರುವಿಂದ ಒಪ್ಪಿಸಿದಳು. ಮೂಟೆಯ ಬಾಯಿ ಹೊಲಿದದ್ದು ನನ್ನ ಸೋದರತ್ತೆ ಅಂತ, ಕಂಡಕ್ಟರಿಗೆ ಒಂದು ಕಣ್ಣು ಮೆಳ್ಳೆ ಅಂತ, ನಾನು ಉಟ್ಟಿದ್ದ ಸೀರೆ ಕೆಂಪು ಅಂತ ಮೊದಲು ಹೇಳಿ ಆಮೇಲೆ ಹಸಿರು ಅಂದಿದ್ದೆ ಅಂತ. "ಯಾವುದು ನಿಜ ಅತ್ತೆ?" ಅಂತ ಕೇಳಿದಳು. ಹಸಿರೇ ನಿಜ. ನಾನು ತಪ್ಪಿದ್ದು ನನಗೇ ತಿಳಿದಿರಲಿಲ್ಲ.

ನನ್ನ ಮಾತಿಗೆ ಹೂಂ ಅಂದೋರು ಬೇಕಾದಷ್ಟು ಜನ. ನನ್ನ ಗಂಡ ನಿದ್ದೆಯಲ್ಲೂ ಹೂಂ ಅನ್ನುತ್ತಿದ್ದ. ಇವಳ ಹಾಗೆ ಕೇಳಿಸಿಕೊಂಡೋರನ್ನ ನಾನು ಅಲ್ಲಿವರೆಗೆ ಕಂಡಿರಲಿಲ್ಲ. ಆ ಮಾತು ಅವಳಿಗೆ ಹೇಳಲಿಲ್ಲ. "ನಾಳೆ ಇನ್ನೊಂದು ಹೇಳ್ತೀನಿ" ಅಂದೆ, ಅಷ್ಟೆ.

ದಿನಾ ಒಂದು ಕತೆ, ಒಂದು ಟೇಪು. ಹುಳ ಹಣ್ಣಾಗಿ ಗೂಡು ಕಟ್ಟೋ ಚಂದ್ರಿಕೆ ತಟ್ಟೆಗೆ ಬಿಟ್ಟೆವು, ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಯಿತು, ಇವಳ ಹೂಂ ಒಂದೊಂದೇ ಉದುರಿತು. ಡ್ಯೂಟಿ ಮುಗಿಸಿ ಕಾಲು ಊದಿಸಿಕೊಂಡು ಬಂದ ದಿನವೂ ಕೂರುತ್ತಿದ್ದಳು. ಒಂದು ಸಾಯಂಕಾಲ ನಿಜವಾಗಲೂ ಕೈ ಮುಗಿದಳು, ಇನ್ನೊಂದ್ಸಲ ಹಾಕಿ ಅತ್ತೆ ಅಂತ. ಫೋನನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು ಕಸ ಗುಡಿಸೋಕೆ ಎದ್ದೆ.

ಪರೀಕ್ಷೆಗೆ ಮುಂಚೆ ಒಂದು ವಿಷಯ ಕೇಳಿದಳು. ಪಾಸಾಗಿ ಹೋಗೋದಾದರೆ ಮಗು ನಿಮ್ಮ ಹತ್ತಿರ ಇರುತ್ತಾ ಅಂತ. ಮೊಮ್ಮಗಳು ಆಗ ಒಂದನೇ ಕ್ಲಾಸು.

"ಇರಲಿ. ಊಟ, ಸ್ನಾನ, ಸ್ಕೂಲು ಎಲ್ಲಾ ನೋಡ್ಕೋತೀನಿ. ಜಡೆ ಮಾತ್ರ ನನ್ನ ಕೈಲಿ ಆಗಲ್ಲ ಕಣಮ್ಮ" ಅಂದೆ. ಆ ಹುಡುಗಿಯ ಕೂದಲು ಕುದುರೆ ಬಾಲ. ಸ್ಕೂಲಿನವರಿಗೆ ಎರಡು ಜಡೆ ಮಡಿಸಿ ಕಟ್ಟಿರಬೇಕು. ನನಗೆ ಇದ್ದ ಇಬ್ಬರೂ ಗಂಡುಮಕ್ಕಳು, ಜಡೆಯ ತಾಪತ್ರಯ ಕಂಡವಳಲ್ಲ.

"ಜಡೆದೇ ಯೋಚನೆ ನನಗೆ" ಅಂದಳು.

ಮಗ ಅವಳನ್ನ ಬೆಂಗಳೂರಿಗೆ ಕರೆದುಕೊಂಡು ಹೋಗಿ ಬಂದ. ಕೆಲವು ದಿನ ಕಳೆದ ಮೇಲೆ, ಡ್ಯೂಟಿಯಿಂದ ಬಂದವಳು ಚಪ್ಪಲಿ ಬಿಡದೆ ಅಂಗಳದಲ್ಲೇ ನಿಂತಳು. ನಾನು ಹೊಸ ಹುಳಕ್ಕೆ ಸೊಪ್ಪು ಕೊಚ್ಚುತ್ತಿದ್ದೆ.

"ಅತ್ತೆ, ಆಯ್ತು. ಬೇಕಾದ್ದಕ್ಕಿಂತ ಒಂದು ಜಾಸ್ತಿನೇ ಬಂದಿದೆ."

"ಹೂಂ ಅಂದ್ಯಾ?"

"ಒಂದ್ಸಲ ಅಂದೆ. ಎಲ್ಲಾ ಮುಗಿದ ಮೇಲೆ."

ಕತ್ತಿ ಕೆಳಗಿಟ್ಟೆ. ನೀನು ಗಟ್ಟಿಗಿತ್ತಿ ಕಣಮ್ಮ ಅಂದೆ. ಅವಳು ಈ ಮನೆಗೆ ಬಂದ ಮೇಲೆ ನಾನು ಹಾಗೆ ಅಂದದ್ದು ಅದೇ ಮೊದಲು. ಅವಳು ಮಗಳನ್ನ ಎತ್ತಿಕೊಂಡು ಒಳಗೆ ಹೋದಳು. ಪಾಸಾದ ಸಂತೋಷ ಮುಖದಲ್ಲಿತ್ತು, ಮಗುವನ್ನ ಹಿಡಿದ ಕೈ ಮಾತ್ರ ಬಿಗಿಯಾಗಿತ್ತು.

ಮಾರನೇ ದಿನ ಬೆಳಿಗ್ಗೆ ಸೊಸೆ ಬಾಚಣಿಗೆ ತರೋಕೆ ಮುಂಚೆ ನಾನೇ ತಂದು, ಮೊಮ್ಮಗಳನ್ನ ಮೊಣಕಾಲ ಮಧ್ಯೆ ಕೂರಿಸಿಕೊಂಡೆ. ಸೊಸೆ ಕಾಫಿ ಲೋಟ ಹಿಡಿದು ಎದುರಿಗೆ ಕೂತಳು. ನಡುಬೈತಲೆ ಸೊಟ್ಟ ಹೋದಾಗ ಅವಳ ಕೈ ಮುಂದಕ್ಕೆ ಬಂತು.

"ಮುಟ್ಟಬೇಡ" ಅಂದೆ. ಕೈ ಹಿಂದಕ್ಕೆ ಹೋಯಿತು.

ಮೊಮ್ಮಗಳು ಸ್ಕೂಲಿನಲ್ಲಿ ಯಾರೋ ಯಾರದೋ ರಬ್ಬರು ಕದ್ದ ಕತೆ ಶುರು ಮಾಡಿದಳು. ಜಡೆಗೆ ಕಟ್ಟೋ ಟೇಪನ್ನ ನಾನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದೆ, ಹೂಂ ಅನ್ನೋಕಾಗಲಿಲ್ಲ. "ಅಜ್ಜಿ, ಕೇಳಿಸ್ಕೊಂಡ್ಯಾ?" ಅಂತ ತಿರುಗಿದಳು, ಹೆಣೆದಿದ್ದ ಜಡೆ ಬಿಚ್ಚಿಹೋಯಿತು. ತಲೆ ಹಿಡಿದು ನೇರ ಮಾಡಿ, ಮೊದಲಿಂದ ಹೆಣೆದೆ. ಮಡಿಸಿ ಕಟ್ಟಿದಾಗ ಒಂದು ಜಡೆ ಕಿವಿಯ ಮೇಲೆ, ಒಂದು ಕಿವಿಯ ಕೆಳಗೆ ನಿಂತಿತ್ತು. ಸ್ಕೂಲ್ ವ್ಯಾನಿನವನು ಹಾರ್ನ್ ಹೊಡೆದ. ಹಾಗೇ ಕಳಿಸಿದೆ.